ಪೆಟ್ಟಿಗೆ ಬಂದ ದಿನವೇ ಸ್ವಿಚ್ ಹಾಕಬೇಡಿ

ಸರ್ವರ್, ಅಂದರೆ ಕಚೇರಿಯ ಎಲ್ಲ ಕಂಪ್ಯೂಟರಿಗೂ ಡೇಟಾ ಒದಗಿಸುವ ದೊಡ್ಡ ಕಂಪ್ಯೂಟರ್, ಲಾರಿಯಿಂದ ಇಳಿದ ಕೂಡಲೇ ಎಲ್ಲರಿಗೂ ಅವಸರ. ಸಂಜೆಯೊಳಗೆ ಅದನ್ನು ಕೂರಿಸುವ ಲೋಹದ ಚೌಕಟ್ಟಾದ ರ‍್ಯಾಕ್‌ಗೆ ಏರಿಸಿ, ದೀಪ ಹೊತ್ತಿಸಿ, ಒಂದು ಫೋಟೋ ತೆಗೆದರೆ ಕೆಲಸ ಮುಗಿಯಿತು ಎನ್ನುವ ಭಾವನೆ. ಬಯಲುಸೀಮೆಯಲ್ಲಿ ಇದು ಹೇಗೋ ನಡೆದುಹೋಗಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ.

ಕಾರಣ ಗಾಳಿಯಲ್ಲಿರುವ ನೀರು. ಆಷಾಢದ ಮಳೆಯಲ್ಲಿ ಹೊರಗಿನ ಗಾಳಿ 24 ಡಿಗ್ರಿ, ತೇವಾಂಶ ಶೇ. 95 ಇದೆ ಎಂದುಕೊಳ್ಳಿ. ಆ ಗಾಳಿ 23 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಅಲ್ಲಿ ನೀರು ಕಟ್ಟುತ್ತದೆ. ರಾತ್ರಿಯಿಡೀ ಲಾರಿಯಲ್ಲಿದ್ದು 20 ಡಿಗ್ರಿಗೆ ತಣಿದ 50 ಕೆಜಿ ಲೋಹ ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ ಹತ್ತು ನಿಮಿಷಕ್ಕೆ ಮೇಲ್ಮುಚ್ಚಳದ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ, ಫ್ರಿಜ್‌ನಿಂದ ತೆಗೆದ ತಂಬಿಗೆಯ ಹಾಗೆ. ಹೊರಗೆ ಕಾಣುವ ಆ ತೇವ ಒಳಗೆ ಮದರ್‌ಬೋರ್ಡ್ ಮೇಲೂ ಇರುತ್ತದೆ. ಅದರ ಮೇಲೆ ಕರೆಂಟ್ ಹರಿದರೆ ಕೆಲವೊಮ್ಮೆ ಅಂದೇ ಸುಡುತ್ತದೆ. ಹೆಚ್ಚಿನ ಸಲ ಸುಡುವುದಿಲ್ಲ, ಆರು ತಿಂಗಳಲ್ಲಿ ಕನೆಕ್ಟರ್‌ಗಳು ಹಸಿರುಗಟ್ಟುತ್ತವೆ. ಆಗ ಯಾರೂ ಮೊದಲ ದಿನವನ್ನು ನೆನೆಯುವುದಿಲ್ಲ.

ಆದ್ದರಿಂದ ಪೆಟ್ಟಿಗೆಯನ್ನು ಸರ್ವರ್ ಕೋಣೆಗೇ ಒಯ್ದು, ಎಸಿ ಹಾಕಿ, ಒಳಗಿನ ಪ್ಲಾಸ್ಟಿಕ್ ಬಿಚ್ಚದೆ 24 ಗಂಟೆ ಬಿಡಿ. ಡೆಲಿವರಿ ಚೀಟಿಗೆ ಸಹಿ ಹಾಕುವ ಮುನ್ನ ಪೆಟ್ಟಿಗೆಯ ಬದಿಯ ಶಾಕ್ ಸ್ಟಿಕ್ಕರ್ ನೋಡಿ. ಅದು ಕೆಂಪಾಗಿದ್ದರೆ ದಾರಿಯಲ್ಲಿ ಎತ್ತಿಹಾಕಿದ್ದಾರೆ ಎಂದರ್ಥ. ಫೋಟೋ ತೆಗೆದು ಚೀಟಿಯಲ್ಲೇ ಬರೆಸಿ. ಬಿಚ್ಚಿದ ಮೇಲೆ ರಟ್ಟನ್ನು ಕೋಣೆಯಲ್ಲಿ ಒಂದು ರಾತ್ರಿಯೂ ಇಡಬೇಡಿ. ತೇವಗೊಂಡ ರಟ್ಟಿಗೆ ಗೆದ್ದಲು ಬರಲು ನಮ್ಮಲ್ಲಿ ಹೆಚ್ಚು ದಿನ ಬೇಕಿಲ್ಲ.

ಆ 24 ಗಂಟೆಯಲ್ಲಿ ಮಾಡುವ ಕೆಲಸವೇ ಬೇಕಾದಷ್ಟಿದೆ.

ಮೊದಲು ನೆಲ. ರ‍್ಯಾಕ್‌ನ ಎತ್ತರವನ್ನು ‘ಯು’ ಎಂಬ ಅಳತೆಯಲ್ಲಿ ಹೇಳುತ್ತಾರೆ. 42ಯು ರ‍್ಯಾಕ್ ಖಾಲಿಯಿದ್ದಾಗಲೇ ನೂರು ಕೆಜಿ ದಾಟುತ್ತದೆ. ಸರ್ವರ್, ಸ್ಟೋರೇಜ್, ಯುಪಿಎಸ್ ಸೇರಿದರೆ 600 ಕೆಜಿ ಆಗುವುದು ಅಪರೂಪವಲ್ಲ. 600 ಮಿ.ಮೀ. ಅಗಲ, 1000 ಮಿ.ಮೀ. ಆಳದ ರ‍್ಯಾಕ್ ನಿಲ್ಲುವುದು 0.6 ಚದರ ಮೀಟರ್‌ನಲ್ಲಿ. ಅಂದರೆ ಚದರ ಮೀಟರ್‌ಗೆ 1000 ಕೆಜಿ. ವಾಸದ ಮನೆಯ ಸ್ಲ್ಯಾಬ್ ಲೆಕ್ಕ ಹಾಕುವುದು ಸುಮಾರು 200 ಕೆಜಿಗೆ. ಹಾಗಾಗಿ ಮಹಡಿಯಲ್ಲಿ ಇಡಲೇಬೇಕಾದರೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡಬೇಕು; ತೊಲೆಯ ನೇರಕ್ಕೆ, ಗೋಡೆಗೆ ಹತ್ತಿರ, ಉಕ್ಕಿನ ಚಾನೆಲ್ ಮೇಲೆ ಭಾರ ಹಂಚಿ ಕೂರಿಸಬೇಕು. ಹಳೆಯ ಮನೆಗಳಲ್ಲಿ ಕಚೇರಿ ನಡೆಸುವ ಸಂಘಗಳು ಮರದ ಅಟ್ಟದ ವಿಚಾರವನ್ನು ಬಿಟ್ಟೇಬಿಡಿ. ನೆಲಮಹಡಿಯಾದರೆ 100ರಿಂದ 150 ಮಿ.ಮೀ. ಎತ್ತರದ ಕಟ್ಟೆ ಕಟ್ಟಿಸಿ. ಹಂಚಿನ ಮಾಡಿನ ಕೋಣೆ ಸೋರುವ ಜಾಗ ಯಾವುದೆಂದು ಮಳೆಗಾಲದಲ್ಲೇ ಗೊತ್ತಾಗುವುದು. ಬೇಸಿಗೆಯಲ್ಲಿ ಜಾಗ ಆರಿಸುವವರು ಆ ಕಟ್ಟಡದಲ್ಲಿ ಕಸ ಗುಡಿಸುವವರನ್ನು ಕೇಳಲಿ, ಅವರಿಗೆ ತಿಳಿದಿರುತ್ತದೆ.

ಬಾಗಿಲನ್ನೂ ಅಳೆಯಿರಿ. ಚಕ್ರ ಸೇರಿ 42ಯು ರ‍್ಯಾಕ್ ಎರಡು ಮೀಟರ್ ಹತ್ತಿರ ಬರುತ್ತದೆ, ಮಲೆನಾಡಿನ ಹಳೆಯ ಹೊಸ್ತಿಲಿನ ಬಾಗಿಲು ಅಷ್ಟಿರುವುದಿಲ್ಲ. ಓರೆ ಮಾಡಿ ನುಗ್ಗಿಸುವಾಗಲೇ ರ‍್ಯಾಕ್ ಜನರ ಮೇಲೆ ಬೀಳುವುದು. ಬಿಡಿಭಾಗವಾಗಿ ಬರುವ ರ‍್ಯಾಕ್ ತರಿಸಿ ಒಳಗೇ ಜೋಡಿಸಿ, ಇಲ್ಲವೇ 36ಯು ಸಾಕೇ ನೋಡಿ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು. ನಮ್ಮ ನೆಲ ಜಂಬಿಟ್ಟಿಗೆ. ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತದೆ, ಏಪ್ರಿಲ್‌ಗೆ ಒಣಗಿ ಇಟ್ಟಿಗೆಯಂತಾಗುತ್ತದೆ. ಜುಲೈನಲ್ಲಿ ಅಳೆದಾಗ ಚೆಂದ ಬಂದ ಓಮ್ ಲೆಕ್ಕ (ನೆಲ ಕರೆಂಟಿಗೆ ಒಡ್ಡುವ ತಡೆ) ಬೇಸಿಗೆಗೆ ಹಲವು ಪಟ್ಟು ಏರಬಹುದು. ಸಿಡಿಲು ಬರುವುದು ಸರಿಯಾಗಿ ಆಗಲೇ, ಏಪ್ರಿಲ್–ಮೇ ತಿಂಗಳ ಸಂಜೆ ಮಳೆಯಲ್ಲಿ. ಆದ್ದರಿಂದ ಅರ್ಥ್ ಪರೀಕ್ಷೆ ಮಾಡಬೇಕಾದ ತಿಂಗಳು ಏಪ್ರಿಲ್. ಉಪ್ಪು–ಇದ್ದಿಲಿನ ಗುಂಡಿಯ ಉಪ್ಪನ್ನು ಇಲ್ಲಿನ ಮಳೆ ಕೆಲವೇ ವರ್ಷದಲ್ಲಿ ತೊಳೆದುಬಿಡುತ್ತದೆ. ನೀರು ಹಿಡಿದಿಡುವ ಬೆಂಟೋನೈಟ್ ಜೇಡಿ ತುಂಬಿದ ಗುಂಡಿ ಹೆಚ್ಚು ಕಾಲ ನಿಲ್ಲುತ್ತದೆ. ಒಂದು ಸಾಲದಿದ್ದರೆ 3 ಮೀಟರ್ ಉದ್ದದ ಎರಡು–ಮೂರು ಲೋಹದ ಎಲೆಕ್ಟ್ರೋಡ್‌ಗಳನ್ನು ಕನಿಷ್ಠ 6 ಮೀಟರ್ ಅಂತರದಲ್ಲಿ ಹೂತು ಪಟ್ಟಿಯಿಂದ ಜೋಡಿಸಿ. ಹತ್ತಿರ ಹತ್ತಿರ ಹೂತರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಲಾಭ ಅರ್ಧ.

ಕಂಪ್ಯೂಟರಿಗೆ ಬೇರೆ ಅರ್ಥ್, ಕಟ್ಟಡಕ್ಕೆ ಬೇರೆ ಅರ್ಥ್ ಇರಬೇಕು ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಅದು ತಪ್ಪು, ಅಪಾಯವೂ ಹೌದು. ಗುಂಡಿಗಳು ಎಷ್ಟೇ ಇರಲಿ, ಎಲ್ಲವೂ ಒಂದಕ್ಕೊಂದು ಜೋಡಣೆಯಾಗಿರಬೇಕು. ಬೇರೆ ಬೇರೆ ಬಿಟ್ಟರೆ ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಅದು ಸಮವಾಗುವ ದಾರಿ ನಿಮ್ಮ ನೆಟ್‌ವರ್ಕ್ ಪೋರ್ಟ್. ಮುಖ್ಯ ಬೋರ್ಡಿನಲ್ಲಿ ಏಕಾಏಕಿ ಏರಿದ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದರ ತಂತಿಗಳು ಒಟ್ಟು ಅರ್ಧ ಮೀಟರ್ ಮೀರದಿರಲಿ. ಸುರುಳಿ ಸುತ್ತಿ ಉದ್ದ ಬಿಟ್ಟರೆ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ಎರಡು ಕಟ್ಟಡಗಳ ನಡುವೆ, ಗೋದಾಮಿನಿಂದ ಕಚೇರಿಗೆ, ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯಲೇಬೇಡಿ. ಫೈಬರ್ ಹಾಕಿ. ಕಂಬದ ಮೇಲಿಂದ ಬರುವ ಫೈಬರಿನೊಳಗೂ ಉಕ್ಕಿನ ತಂತಿ ಇರಬಹುದು, ಇದ್ದರೆ ಅದನ್ನು ಗೋಡೆಯ ಹೊರಗೇ ಕತ್ತರಿಸಿ ಅರ್ಥ್ ಮಾಡಬೇಕು.

ಒಳಗೆ, ರ‍್ಯಾಕ್‌ನ ಚೌಕಟ್ಟಿಗೆ 6 ಚದರ ಮಿ.ಮೀ. ಹಸಿರು–ಹಳದಿ ತಂತಿ. ಬೋಲ್ಟ್ ಕೂರುವಲ್ಲಿ ಬಣ್ಣ ಕೆರೆದು ಲೋಹ ಕಾಣಿಸಬೇಕು, ಬಣ್ಣದ ಮೇಲೆ ಬಿಗಿದರೆ ಸಂಪರ್ಕವೇ ಇಲ್ಲ. ರ‍್ಯಾಕ್‌ಗೆ ಕೈ ತಾಗಿದಾಗ ಜುಮ್ಮೆಂದರೆ ಅದನ್ನು ಸ್ಟ್ಯಾಟಿಕ್ ಎಂದು ತಳ್ಳಿಹಾಕಬೇಡಿ. ಪ್ರತಿ ಪವರ್ ಸಪ್ಲೈ ಒಳಗಿನ ಫಿಲ್ಟರ್‌ನಿಂದ 1ರಿಂದ 3 ಮಿಲಿ ಆಂಪಿಯರ್ ಅರ್ಥ್‌ಗೆ ಹರಿಯುವುದು ಸಹಜ. ಅರ್ಥ್ ತಂತಿ ತುಂಡಾಗಿದ್ದರೆ ಅದೇ ಕರೆಂಟ್ ಲೋಹದ ಮೈಗೆ ಬರುತ್ತದೆ. ಹತ್ತು ಪವರ್ ಸಪ್ಲೈಗಳನ್ನು 30 ಮಿಲಿ ಆಂಪಿಯರ್‌ನ ಒಂದೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಮೇಲೆ ಹಾಕಿದರೆ ಅದು ಆಗಾಗ ಬೀಳುವುದೂ ಇದರಿಂದಲೇ. ಪರಿಹಾರ ಲೋಡನ್ನು ಬೇರೆ ಬೇರೆ ಸರ್ಕ್ಯೂಟಿಗೆ ಹಂಚುವುದು. ಆರ್‌ಸಿಸಿಬಿ ಬೀಳುತ್ತದೆಂದು ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದು ಜೀವ ತೆಗೆಯುವ ಕೆಲಸ. ನ್ಯೂಟ್ರಲ್–ಅರ್ಥ್ ನಡುವೆ ಮೀಟರ್ ಹಿಡಿದು ನೋಡಿ, 2 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ.

ಕರೆಂಟಿನ ಲೆಕ್ಕ ಸರಳ. ಸರ್ವರ್‌ನ ಎರಡು ಪವರ್ ಸಪ್ಲೈಗಳಿಗೆ ಎರಡು ಬೇರೆ ದಾರಿ ಕೊಡಿ, ಸಾಧ್ಯವಾದರೆ ಎರಡು ಯುಪಿಎಸ್. ಒಂದೊಂದರ ಮೇಲೆ ಶೇ. 40 ಮೀರಬಾರದು, ಏಕೆಂದರೆ ಒಂದು ಹೋದಾಗ ಇನ್ನೊಂದು ಎರಡರ ಭಾರ ಹೊರಬೇಕು. ಎರಡು ಕೇಬಲ್‌ಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ ಎರಡನೆಯದಕ್ಕೆ ಅರ್ಥವಿಲ್ಲ.

ಎಸಿ ವಿಚಾರದಲ್ಲಿ ದೊಡ್ಡದೇ ಒಳ್ಳೆಯದು ಎನ್ನುವುದು ಇಲ್ಲಿ ನಡೆಯದು. 1 ಟನ್ ಎಸಿ ಸುಮಾರು 3.5 ಕಿಲೋವ್ಯಾಟ್ ಶಾಖ ತೆಗೆಯುತ್ತದೆ. ನಿಮ್ಮ ಸರ್ವರ್, ಯುಪಿಎಸ್ ಸೇರಿ 1.5 ಕಿಲೋವ್ಯಾಟ್ ಇದ್ದು 2 ಟನ್ ಎಸಿ ಹಾಕಿದರೆ, ಮಳೆಗಾಲದಲ್ಲಿ ಕಂಪ್ರೆಸರ್ ಮೂರ್ನಾಲ್ಕು ನಿಮಿಷ ಓಡಿ ನಿಲ್ಲುತ್ತದೆ. ಫ್ಯಾನ್ ಮಾತ್ರ ತಿರುಗುತ್ತಾ ಕಾಯಿಲ್ ಮೇಲೆ ಕಟ್ಟಿದ ನೀರನ್ನು ಮತ್ತೆ ಕೋಣೆಗೇ ಊದುತ್ತದೆ. ಕೋಣೆ ತಣ್ಣಗೂ ಹೌದು, ಒದ್ದೆಯೂ ಹೌದು. 1 ಟನ್‌ನ ಎರಡು ಇನ್ವರ್ಟರ್ ಎಸಿಗಳನ್ನು ಸರದಿಯಲ್ಲಿ ಓಡಿಸಿ, ಜೊತೆಗೊಂದು ತೇವ ಹೀರುವ ಡಿಹ್ಯೂಮಿಡಿಫೈಯರ್ ಇಡಿ. 22ರಿಂದ 25 ಡಿಗ್ರಿ, ತೇವಾಂಶ ಶೇ. 40ರಿಂದ 60. ಗೋಡೆಯಲ್ಲಿ ತೇವಾಂಶ ಮಾಪಕ ತೂಗುಹಾಕಿ. ಎಸಿ ರಿಮೋಟ್ ತೋರಿಸುವ ಅಂಕಿ ಅರ್ಧ ಕಥೆ ಮಾತ್ರ. ಎಸಿಯನ್ನು ರ‍್ಯಾಕ್‌ನ ನೇರ ಮೇಲೆ ಕೂರಿಸಬೇಡಿ. ಡ್ರೈನ್ ಪೈಪಿನಲ್ಲಿ ಪಾಚಿ ಕಟ್ಟಿದ ದಿನ ನೀರು ಇಳಿಯುವುದು ಸರ್ವರ್ ಮೇಲೆ.

ಮರುದಿನ ಎತ್ತುವ ಕೆಲಸ. ಎತ್ತುವ ಮೊದಲು ಹಾರ್ಡ್‌ಡಿಸ್ಕ್‌ಗಳಿಗೆ ಸ್ಲಾಟ್ ಸಂಖ್ಯೆ ಬರೆದು ಹೊರತೆಗೆಯಿರಿ, ಪವರ್ ಸಪ್ಲೈಗಳನ್ನೂ ಎಳೆದಿಡಿ. ತೂಕ ಎಷ್ಟೋ ಇಳಿಯುತ್ತದೆ. 18 ಕೆಜಿ ದಾಟಿದರೆ ಇಬ್ಬರು, 32 ದಾಟಿದರೆ ಮೂವರು, 55 ದಾಟಿದರೆ ಲಿಫ್ಟ್ ಗಾಡಿ. ರ‍್ಯಾಕ್‌ನ ಚಕ್ರದ ಮೇಲಲ್ಲ, ಲೆವೆಲಿಂಗ್ ಕಾಲಿನ ಮೇಲೆ ಭಾರ ನಿಂತಿರಲಿ. ಮುಂದಿನ ಆಧಾರದ ಕಾಲು ಎಳೆದಿರಲಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಎರಡು ಸರ್ವರ್‌ಗಳನ್ನು ಒಟ್ಟಿಗೆ ಮುಂದಕ್ಕೆ ಎಳೆದರೆ ಇಡೀ ರ‍್ಯಾಕ್ ಮುಗ್ಗರಿಸುತ್ತದೆ.

ಸರ್ವರನ್ನು ಜಾರಿಸಿ ಒಳತಳ್ಳುವ ರೈಲ್ ಕೂರಿಸುವಾಗ ತಪ್ಪುವುದು ಎಣಿಕೆ. ಒಂದು ಯು ಎಂದರೆ 44.45 ಮಿ.ಮೀ., ಅದರಲ್ಲಿ ಮೂರು ತೂತು. ಮುಂದೆ 8ನೆಯ ಯು, ಹಿಂದೆ ಒಂದು ತೂತು ಮೇಲೆ ಸಿಕ್ಕಿಸಿದರೂ ರೈಲ್ ಕೂರುತ್ತದೆ, ಸರ್ವರ್ ಮಾತ್ರ ಅರ್ಧಕ್ಕೆ ಬಿಗಿದು ನಿಲ್ಲುತ್ತದೆ. ಒತ್ತಿ ತಳ್ಳಬೇಡಿ, ಎಣಿಸಿ ನೋಡಿ. ಎರಡೂ ಬದಿಯ ಕೊಕ್ಕೆ ಟಕ್ ಎನ್ನುವುದು ಕೇಳುವವರೆಗೆ ಕೈ ಬಿಡಬೇಡಿ. ಖಾಲಿ ಜಾಗಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್ ಮುಚ್ಚದಿದ್ದರೆ ಹಿಂದಿನ ಬಿಸಿಗಾಳಿ ಮುಂದಕ್ಕೆ ಸುತ್ತಿ ಬರುತ್ತದೆ. ಕೇಬಲ್ ಬಂದ ತೂತುಗಳಿಗೂ ಬ್ರಷ್ ಪ್ಯಾನೆಲ್ ಅಥವಾ ಸೀಲಂಟ್ ಬೇಕು: ಇಲಿ ವೈರ್ ಕಡಿಯುತ್ತದೆ, ಹಲ್ಲಿ ಬೆಚ್ಚಗಿನ ಪವರ್ ಸಪ್ಲೈ ಹುಡುಕಿಕೊಂಡು ಹೋಗಿ ಶಾರ್ಟ್ ಮಾಡುತ್ತದೆ, ಮೊದಲ ಮಳೆಯ ಸಂಜೆ ಮಳೆಹುಳ ದೀಪಕ್ಕೆ ಬಂದು ಫ್ಯಾನ್‌ಗೆ ಸಿಕ್ಕುತ್ತದೆ. ಸಿಓ2 ಆರಿಸುವ ಸಿಲಿಂಡರ್ ಬಾಗಿಲ ಬಳಿಯೇ ಇರಲಿ; ಪುಡಿಯದ್ದು ಬೆಂಕಿ ಆರಿಸಿದರೂ ಉಳಿದ ಯಂತ್ರಗಳನ್ನು ಹಾಳುಮಾಡುತ್ತದೆ.

ಈಗ ಸ್ವಿಚ್. ಡೇಟಾ ತುಂಬುವ ಮೊದಲು 48 ಗಂಟೆ ಪೂರ್ಣ ಭಾರದಲ್ಲಿ ಓಡಿಸಿ, ಮುಂಭಾಗದ ಗಾಳಿಯ ಉಷ್ಣತೆ 27 ಡಿಗ್ರಿ ದಾಟುತ್ತದೆಯೇ ಬರೆದಿಡಿ. ನಂತರ ಎಡಗಡೆಯ ಪವರ್ ಕೇಬಲ್ ಕಿತ್ತು ಐದು ನಿಮಿಷ ಬಿಡಿ, ಮತ್ತೆ ಹಾಕಿ ಹಸಿರು ದೀಪ ಬಂದ ಮೇಲೆ ಬಲಗಡೆಯದನ್ನು ಕೀಳಿ. ಕೊನೆಗೆ ಮುಖ್ಯ ಬೋರ್ಡಿನಲ್ಲೇ ಕರೆಂಟ್ ಇಳಿಸಿ, ಜನರೇಟರ್ ಹಿಡಿಯಲು ಎಷ್ಟು ಸೆಕೆಂಡ್ ಬೇಕು, ಬ್ಯಾಟರಿ ನಿಜವಾಗಿ ಎಷ್ಟು ನಿಮಿಷ ಬರುತ್ತದೆ ನೋಡಿ, ಆ ಎರಡು ಅಂಕಿಗಳನ್ನು ರ‍್ಯಾಕ್ ಬಾಗಿಲಿನ ಒಳಬದಿಗೆ ಅಂಟಿಸಿ.