ವಿಡಿಯೋ ಕಾಲ್ ಇದ್ದ ಮೇಲೆ ಎಆರ್ ಯಾಕೆ ಬೇಕು?

ಪ್ರಶ್ನೆ: ನಮ್ಮದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್ ಸರ್ವಿಸ್ ಮಾಡುವ ಸಣ್ಣ ಟೀಮ್. ಅನುಭವ ಇರುವ ಮೂವರು ಬೆಂಗಳೂರಿನಲ್ಲಿದ್ದಾರೆ. ಹೊಸ ಹುಡುಗರು ಹುಬ್ಬಳ್ಳಿ, ಬೆಳಗಾವಿ ಕಡೆ ಓಡಾಡುತ್ತಾರೆ. ಏನಾದರೂ ತಿಳಿಯದಿದ್ದರೆ ವಾಟ್ಸಾಪ್ ವಿಡಿಯೋ ಕಾಲ್ ಮಾಡುತ್ತಾರೆ. ಎಆರ್, ಅಂದರೆ ಕ್ಯಾಮೆರಾದಲ್ಲಿ ಕಾಣುವ ನಿಜವಾದ ವಸ್ತುವಿನ ಮೇಲೆ ಗುರುತು, ಚಿತ್ರ ಮೂಡಿಸುವ ಆಗ್ಮೆಂಟೆಡ್ ರಿಯಾಲಿಟಿ ಬಂದರೆ ಇದೆಲ್ಲ ಸುಲಭ ಆಗುತ್ತೆ ಅಂತಾರಲ್ಲ, ನಿಜಾನಾ? ಅದಕ್ಕೆ ಆ ದುಬಾರಿ ಎಆರ್ ಕನ್ನಡಕ ಕೊಳ್ಳಲೇಬೇಕಾ?

ಉತ್ತರ: ಸುಲಭ ಆಗುತ್ತದೆ, ನಿಜ. ಕನ್ನಡಕ ಸದ್ಯಕ್ಕೆ ಬೇಡ. ಹುಡುಗರ ಜೇಬಿನಲ್ಲಿರುವ ಫೋನೇ ಸಾಕು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸದು ಅಂತ ಸುಮ್ನೆ ದುಡ್ಡು ಹಾಕಿ ಆಮೇಲೆ ಬೀರುವಿನಲ್ಲಿ ಇಟ್ಟವರನ್ನೂ ನೋಡಿದ್ದೇನೆ, ಇದಿಲ್ಲದೆ ರಾತ್ರಿ ಬಸ್ಸು ಹತ್ತಿ ಹೋಗಿ ಐದು ನಿಮಿಷದ ಕೆಲಸ ಮುಗಿಸಿ ಮತ್ತೆ ರಾತ್ರಿ ಬಸ್ಸಿಗೆ ಬಂದವರನ್ನೂ ನೋಡಿದ್ದೇನೆ.

ನಾನೂ ಇದೇ ಕೆಲಸದಲ್ಲಿದ್ದವನು. ಒಮ್ಮೆ ಒಂದು ಲೇತ್‌ನಲ್ಲಿ ಟರೆಟ್ (ಟೂಲ್‌ಗಳನ್ನು ಹಿಡಿದು ತಿರುಗುವ ಭಾಗ) ಸರಿಯಾಗಿ ಕ್ಲ್ಯಾಂಪ್ ಆಗಿಲ್ಲ, ಅಂದರೆ ಬಿಗಿಯಾಗಿ ಕೂತಿಲ್ಲ ಅನ್ನುವ ಅಲಾರ್ಮ್ ಬಂತು. ಟರೆಟ್ ಹಿಂದೆ ಎರಡು ಸೆನ್ಸರ್ ಇದ್ದವು, ಒಂದು ಕ್ಲ್ಯಾಂಪ್‌ಗೆ, ಇನ್ನೊಂದು ಅನ್‌ಕ್ಲ್ಯಾಂಪ್‌ಗೆ. ಅಕ್ಕಪಕ್ಕ, ನೋಡಲು ಒಂದೇ ಥರ. ವಿಡಿಯೋ ಕಾಲ್‌ನಲ್ಲಿದ್ದ ಹುಡುಗನಿಗೆ "ಎಡಗಡೇದು ಸ್ವಲ್ಪ ಮುಂದೆ ತಗೊಂಡು ಲಾಕ್ ನಟ್ ಬಿಗಿ ಮಾಡಪ್ಪ" ಅಂದೆ. ಮಷಿನ್ ಮುಂದೆ ನಿಂತವರಿಗೆ ಯಾವುದು ಎಡವೋ ಅದು ನನ್ನ ತಲೆಯಲ್ಲಿತ್ತು. ಅವನು ಹಿಂದಿನ ಬಾಗಿಲು ತೆಗೆದು ಆ ಕಡೆಯಿಂದ ಕೂತಿದ್ದ. ಸರಿಯಾಗಿದ್ದ ಸೆನ್ಸರ್ ಜಾಗ ಬಿಟ್ಟಿತು. ಒಂದು ಅಲಾರ್ಮ್ ಇದ್ದದ್ದು ಎರಡಾಯಿತು. ಅರ್ಧ ದಿನದ ಪ್ರೊಡಕ್ಷನ್ ಹೋಯಿತು. ಹುಡುಗನದೇನೂ ತಪ್ಪಿರಲಿಲ್ಲ, ನಾನು ಹೇಳಿದ್ದನ್ನೇ ಮಾಡಿದ್ದ.

ಅವನ ಪಕ್ಕದಲ್ಲೇ ನಿಂತಿದ್ದರೆ ಬೆರಳಿಟ್ಟು "ಇದು" ಅನ್ನುತ್ತಿದ್ದೆ, ಅಷ್ಟೇ. ನಮ್ಮ ವರ್ಕ್‌ಶಾಪ್ ಮಾತನ್ನು ಒಮ್ಮೆ ಗಮನಿಸಿ ನೋಡಿ. ಅದರಲ್ಲಿ ಅರ್ಧ ಬರೀ ಇದು, ಅದು, ಇಲ್ಲಿ, ಆ ಕಡೆ, ಈ ಮೂಲೇದು ಅಂತಲೇ ಇರುತ್ತದೆ. ಬೆರಳು ತೋರಿಸಲು ಆಗದಿದ್ದರೆ ಈ ಮಾತುಗಳು ಯಾವ ಕೆಲಸಕ್ಕೂ ಬರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ದೂರದವರಿಗೆ ಕಣ್ಣು ಸಿಗುತ್ತದೆ, ಬೆರಳು ಸಿಗುವುದಿಲ್ಲ. ಎಆರ್‌ನಿಂದ ಸಿಗುವುದು ಆ ಬೆರಳು.

ಕೆಲಸ ಹೀಗೆ ನಡೆಯುತ್ತದೆ. ಹುಡುಗ ಫೋನ್ ಕ್ಯಾಮೆರಾ ತೆರೆದು ಮಷಿನ್ ತೋರಿಸುತ್ತಾನೆ. ಬೆಂಗಳೂರಿನಲ್ಲಿ ಕೂತವರು ತಮ್ಮ ಸ್ಕ್ರೀನ್ ಮೇಲೆ ಆ ಸೆನ್ಸರ್ ಸುತ್ತ ಬೆರಳಲ್ಲೇ ಒಂದು ಸುತ್ತು ಎಳೆಯುತ್ತಾರೆ. ಆ ಸುತ್ತು ಹುಡುಗನ ಫೋನಿನಲ್ಲಿ ಅದೇ ಸೆನ್ಸರ್ ಮೇಲೆ ಕಾಣುತ್ತದೆ. ಇಷ್ಟಾದರೆ ಫೋಟೋ ಮೇಲೆ ಗೆರೆ ಎಳೆದ ಹಾಗಾಯಿತು. ವಿಶೇಷ ಇರುವುದು ಮುಂದೆ. ಹುಡುಗ ಫೋನ್ ಆ ಕಡೆ ಈ ಕಡೆ ಆಡಿಸಿದರೂ, ಹತ್ತಿರ ಹೋದರೂ, ಮಷಿನ್ ಹಿಂದಕ್ಕೆ ಬಂದು ನೋಡಿದರೂ ಆ ಗುರುತು ಸೆನ್ಸರ್ ಬಿಟ್ಟು ಕದಲುವುದಿಲ್ಲ, ಬಣ್ಣದಲ್ಲಿ ಬರೆದ ಹಾಗೆ ಅಲ್ಲೇ ಅಂಟಿಕೊಂಡಿರುತ್ತದೆ. ಎಡ ಯಾವುದು ಬಲ ಯಾವುದು ಅನ್ನುವ ಗೊಂದಲವೇ ಬರುವುದಿಲ್ಲ.

ಇದು ಹೇಗೆ ಸಾಧ್ಯ? ಕ್ಯಾಮೆರಾದ ಚಿತ್ರದಲ್ಲಿ ಎದ್ದು ಕಾಣುವ ಚುಕ್ಕಿಗಳನ್ನು ಫೋನ್ ಹುಡುಕುತ್ತದೆ. ಬೋಲ್ಟಿನ ಅಂಚು, ನೇಮ್ ಪ್ಲೇಟಿನ ಅಕ್ಷರ, ಕೇಬಲ್ ತಿರುವು, ಇಂಥವು. ಫೋನ್ ಅಲುಗಿದಂತೆ ಈ ಚುಕ್ಕಿಗಳು ಎಷ್ಟು ಸರಿದವು ಅಂತ ನೋಡುತ್ತದೆ. ಜೊತೆಗೆ ಫೋನ್ ಎಷ್ಟು ತಿರುಗಿತು, ಅದರ ವೇಗ ಹೇಗೆ ಬದಲಾಯಿತು ಅಂತ ಒಳಗಿನ ಗೈರೋಸ್ಕೋಪ್, ಆ್ಯಕ್ಸಲರೋಮೀಟರ್ ಹೇಳುತ್ತವೆ. ಎರಡನ್ನೂ ಸೇರಿಸಿ, ತಾನು ಎಲ್ಲಿದ್ದೇನೆ, ಎದುರಿನ ವಸ್ತು ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕುತ್ತಲೇ ಇರುತ್ತದೆ. ದೂರದವರು ಬೆರಳಿಟ್ಟ ಜಾಗ ಈ ಲೆಕ್ಕದಲ್ಲಿ ಒಂದು ನಿಜವಾದ ಬಿಂದುವಾಗಿ ಉಳಿಯುತ್ತದೆ. ಆಪಲ್ ಇದಕ್ಕೆ ಬೇಕಾದ ತಂತ್ರಾಂಶ ಎಆರ್‌ಕಿಟ್ ಅನ್ನು 2017ರಲ್ಲಿ ತಂದಿತು. ಗೂಗಲ್ ಎಆರ್‌ಕೋರ್‌ನ ಮೊದಲ ಪೂರ್ಣ ಆವೃತ್ತಿಯನ್ನು 2018ರಲ್ಲಿ ಕೊಟ್ಟಿತು. ಅಲ್ಲಿಂದಾಚೆ ಸಾಮಾನ್ಯ ಫೋನಿನಲ್ಲೇ ಇದು ಸಾಧ್ಯವಾಯಿತು. ವುಫೋರಿಯಾ ಚಾಕ್, ಟೀಮ್‌ವ್ಯೂವರ್ ಅಸಿಸ್ಟ್ ಎಆರ್ ಇದೇ ಬಗೆಯ ಆ್ಯಪ್‌ಗಳಾಗಿ ಬಂದವು.

ಸ್ಕ್ರೀನ್‌ಶಾಟ್ ತೆಗೆದು ಕೆಂಪು ಸುತ್ತು ಹಾಕಿ ವಾಟ್ಸಾಪ್ ಮಾಡಿದರೆ ಆಗಲ್ವಾ ಅಂತ ನೀವು ಕೇಳಬಹುದು. ಒಂದೇ ಒಂದು ಜಾಗ ತೋರಿಸಬೇಕಿದ್ದರೆ ಖಂಡಿತ ಆಗುತ್ತದೆ, ಅದನ್ನೇ ಮಾಡಿ. ಹತ್ತು ಹಂತದ ಕೆಲಸಕ್ಕೆ ಹತ್ತು ಫೋಟೋ ಹಿಡಿದು, ಪ್ರತಿ ಸಲವೂ ಫೋಟೋ ನೋಡಿ ಮಷಿನ್ ನೋಡಿ ಹೊಂದಿಸಿಕೊಳ್ಳುವುದು ಮಾತ್ರ ತುಂಬಾ ಕಷ್ಟ. ಅದರಲ್ಲೂ ವೈರಿಂಗ್ ಪ್ಯಾನೆಲ್‌ನಲ್ಲಿ. ಅಲ್ಲಿ ವೈರ್ ಸಿಕ್ಕಿಸುವ ನಲವತ್ತು ಟರ್ಮಿನಲ್ ಒಂದೇ ಥರ ಇರುತ್ತವೆ.

ಅಂದಹಾಗೆ ಆಗ್ಮೆಂಟೆಡ್ ರಿಯಾಲಿಟಿ ಅನ್ನುವ ಹೆಸರು ಹುಟ್ಟಿದ್ದೇ ವೈರಿಂಗ್ ಕೆಲಸದಿಂದ. 1990ರ ದಶಕದ ಶುರುವಿನಲ್ಲಿ ಬೋಯಿಂಗ್ ಕಂಪನಿಯಲ್ಲಿ ವಿಮಾನದ ವೈರ್‌ಗಳನ್ನು ದೊಡ್ಡ ದೊಡ್ಡ ಹಲಗೆಗಳ ಮೇಲೆ ಹಾಸಿ ಕಟ್ಟುತ್ತಿದ್ದರು. ಯಾವ ವೈರ್ ಎಲ್ಲಿ ಹೋಗಬೇಕು ಅಂತ ಕೆಲಸಗಾರರ ಕಣ್ಣೆದುರೇ ತೋರಿಸಬೇಕು ಅಂತ ಹೊರಟ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಈ ಹೆಸರಿಟ್ಟರು. ಆಟ, ಸಿನಿಮಾ ಎಲ್ಲ ಆಮೇಲೆ ಬಂದದ್ದು. ಇದು ಮೊದಲಿನಿಂದಲೂ ಕೈಕೆಲಸದವರದೇ.

2016ರಲ್ಲಿ ಗಗನಯಾತ್ರಿ ಸ್ಕಾಟ್ ಕೆಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಕನ್ನಡಕ ಹಾಕಿಕೊಂಡು ಇದನ್ನೇ ಮಾಡಿ ನೋಡಿದರು. ಅವರು ನೋಡುತ್ತಿದ್ದದ್ದನ್ನು ನೆಲದ ಮೇಲಿದ್ದ ತಜ್ಞರು ನೋಡಿ, ಅದರ ಮೇಲೆ ಗುರುತು ಹಾಕಿ ತೋರಿಸುವ ವ್ಯವಸ್ಥೆ ಅದು. ನಾಸಾ ಅದಕ್ಕೆ ಸೈಡ್‌ಕಿಕ್ ಅಂತ ಹೆಸರಿಟ್ಟಿತ್ತು. ಕೋವಿಡ್ ಬಂದ 2020ರಲ್ಲಿ ಲಂಡನ್‌ನ ಇಂಪೀರಿಯಲ್ ಕಾಲೇಜ್ ಹೆಲ್ತ್‌ಕೇರ್ ಆಸ್ಪತ್ರೆಗಳಲ್ಲಿ ವೈದ್ಯರೊಬ್ಬರು ಅದೇ ಬಗೆಯ ಕನ್ನಡಕ ಹಾಕಿ ವಾರ್ಡಿಗೆ ಹೋಗುತ್ತಿದ್ದರು, ಉಳಿದವರು ಬೇರೆ ಕೋಣೆಯಲ್ಲಿ ಕೂತು ನೋಡಿ ಸಲಹೆ ಕೊಡುತ್ತಿದ್ದರು. ಅಷ್ಟು ಜನಕ್ಕೆ ಸೋಂಕಿನ ಭಯ ತಪ್ಪಿತು. ಈ ಒಂದು ಉದಾಹರಣೆ ನನಗೆ ತುಂಬಾ ಇಷ್ಟ.

ಹಾಗಾದರೆ ಕನ್ನಡಕ ಯಾಕೆ ಬೇಡ ಅಂದೆ? ಕನ್ನಡಕದ ನಿಜವಾದ ಲಾಭ ಒಂದೇ, ಎರಡೂ ಕೈ ಖಾಲಿ ಇರುತ್ತವೆ. ಅದು ಸಣ್ಣ ಲಾಭವಲ್ಲ, ಒಪ್ಪುತ್ತೇನೆ. ಆದರೆ ಹೋಲೋಲೆನ್ಸ್ 2 ಬಿಡುಗಡೆ ಆದಾಗ ಅದರ ಬೆಲೆ 3,500 ಡಾಲರ್ ಇತ್ತು, ತೂಕ ಅರ್ಧ ಕೆಜಿಗಿಂತ ಜಾಸ್ತಿ. 2024ರಲ್ಲಿ ಮೈಕ್ರೋಸಾಫ್ಟ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಗೂಗಲ್ ತನ್ನ 'ಗ್ಲಾಸ್' ಎಂಬ ಕನ್ನಡಕದ ಮಾರಾಟವನ್ನು 2023ರಲ್ಲೇ ಮುಗಿಸಿತ್ತು. ಇವನ್ನು ನಂಬಿ ಟ್ರೇನಿಂಗ್ ಕೊಟ್ಟು, ಕೆಲಸದ ವಿಧಾನ ಬರೆದಿಟ್ಟ ಕಂಪನಿಗಳು ಈಗ ಮತ್ತೆ ಹೊಸದು ಹುಡುಕಬೇಕು. ಸಣ್ಣ ಟೀಮ್‌ಗೆ ಆ ಏಟು ತಡೆಯಲು ಆಗುವುದಿಲ್ಲ. ಕಡಿಮೆ ಬೆಲೆಯ ಒಂದು ಮ್ಯಾಗ್ನೆಟ್ ಸ್ಟ್ಯಾಂಡ್ ತಂದು ಫೋನನ್ನು ಮಷಿನ್ ಬಾಗಿಲಿಗೆ ಅಂಟಿಸಿ. ಎರಡು ಕೈಯೂ ಬಿಡುವಾಗುತ್ತವೆ.

ತೊಂದರೆಗಳೂ ಇವೆ, ಮೊದಲೇ ತಿಳಿದಿರಲಿ. ಪಾಲಿಶ್ ಆದ ಸ್ಟೀಲ್, ಕೂಲೆಂಟ್ ಬಿದ್ದು ಹೊಳೆಯುವ ಜಾಗ, ಗಾಜು, ಒಂದೇ ಬಣ್ಣದ ಖಾಲಿ ತಗಡು ಇವುಗಳ ಮೇಲೆ ಗುರುತು ಜಾರುತ್ತದೆ, ಯಾಕೆಂದರೆ ಫೋನಿಗೆ ಹಿಡಿದುಕೊಳ್ಳಲು ಚುಕ್ಕಿಗಳೇ ಸಿಗುವುದಿಲ್ಲ. ಕತ್ತಲಲ್ಲೂ ಹಾಗೇ. ಒಂದು ಟಾರ್ಚ್ ಇಟ್ಟುಕೊಳ್ಳಿ. ಖಾಲಿ ತಗಡಿನ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ ಅದರ ಮೇಲೆ ಪೆನ್ನಿನಲ್ಲಿ ಏನಾದರೂ ಗೀಚಿದರೆ ಸಾಕು, ಹಿಡಿತ ಸಿಗುತ್ತದೆ. ಶುರುವಿನಲ್ಲಿ ಫೋನನ್ನು ನಿಧಾನಕ್ಕೆ ಪಕ್ಕಕ್ಕೆ ಸರಿಸಿ. ಒಂದೇ ಕಡೆ ನಿಂತು ತಿರುಗಿಸಿದರೆ ದೂರ ಸರಿಯಾಗಿ ಅಳೆಯುವುದಿಲ್ಲ. ತಿರುಗುವ ಭಾಗದ ಮೇಲೆ ಗುರುತು ನಿಲ್ಲುವುದೇ ಇಲ್ಲ, ಅದನ್ನು ನಿಲ್ಲಿಸಿಯೇ ತೋರಿಸಬೇಕು.

ಆ ಭಾಗ ಹೇಗೂ ನಿಂತಿರಲೇಬೇಕು. ಇದನ್ನು ಒತ್ತಿ ಹೇಳುತ್ತೇನೆ. ಸ್ಕ್ರೀನ್ ನೋಡುತ್ತಾ ನಿಂತ ಹುಡುಗನಿಗೆ ಸುತ್ತಲಿನ ಗಮನ ಇರುವುದಿಲ್ಲ. ಪ್ಯಾನೆಲ್‌ನಲ್ಲಿ 415 ವೋಲ್ಟ್ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಕೈ ಹಾಕು ಅಂತ ದೂರದಲ್ಲಿ ಕೂತವರೇ ಮೊದಲು ಹೇಳಬೇಕು. ಗುರುತು ಸ್ವಲ್ಪ ಜಾರಿದ್ದರೂ ಪಕ್ಕದ ಟರ್ಮಿನಲ್ ಮೇಲೆ ಕೂತಿರುತ್ತದೆ. ಹಾಗಾಗಿ ಬಿಚ್ಚುವ ಮುಂಚೆ ವೈರ್ ನಂಬರ್ ಓದಿ ಹೇಳಿಸಿ. ಇನ್ನೊಂದು, ಕ್ಯಾಮೆರಾ ತೆರೆಯುವ ಮುಂಚೆ ಆ ಕಾರ್ಖಾನೆಯವರ ಒಪ್ಪಿಗೆ ಕೇಳಿ. ಗೋಡೆ ಮೇಲೆ ಅವರ ಡ್ರಾಯಿಂಗ್ ಇರಬಹುದು, ಟೇಬಲ್ ಮೇಲೆ ಬೇರೆ ಗ್ರಾಹಕರ ಪಾರ್ಟ್ ಇರಬಹುದು.

ಬರೀ ಮಾತಿನ ಮೀಟಿಂಗ್‌ಗೆ, ಲೆಕ್ಕಪತ್ರಕ್ಕೆ, ವಾರದ ಪ್ಲಾನ್‌ಗೆ ಎಆರ್ ಬೇಡ. ಅದಕ್ಕೆ ಫೋನ್ ಕಾಲ್ ಸಾಕು.

ಮೊದಲು ನಿಮ್ಮ ಆಫೀಸಿನಲ್ಲೇ ಪರೀಕ್ಷೆ ಮಾಡಿ. ಹುಡುಗರ ಫೋನ್ ಎಆರ್‌ಕೋರ್ ಬೆಂಬಲ ಇರುವ ಪಟ್ಟಿಯಲ್ಲಿ ಇದೆಯಾ ನೋಡಿ, ಗೂಗಲ್‌ನವರೇ ಆ ಪಟ್ಟಿ ಹಾಕಿದ್ದಾರೆ. ಒಬ್ಬರು ಪಕ್ಕದ ಕೋಣೆಯಲ್ಲಿ ಕೂರಲಿ, ಇನ್ನೊಬ್ಬರು ಒಂದು ಹಳೆ ಪ್ಯಾನೆಲ್ ಮುಂದೆ ನಿಲ್ಲಲಿ. ಒಂದು ರಿಲೇ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್) ಬದಲಿಸುವ ಕೆಲಸವನ್ನು ಮೊದಲು ವಾಟ್ಸಾಪ್ ವಿಡಿಯೋದಲ್ಲಿ, ಆಮೇಲೆ ಎಆರ್ ಆ್ಯಪ್‌ನಲ್ಲಿ ಮಾಡಿಸಿ. ಎರಡು ಸಲವೂ "ಅದಲ್ಲಪ್ಪ, ಅದರ ಪಕ್ಕದ್ದು" ಅನ್ನುವ ಮಾತು ಎಷ್ಟು ಸಾರಿ ಬಂತು ಅಂತ ಎಣಿಸಿ ಬರೆದಿಡಿ. ಎಆರ್‌ನಲ್ಲಿ ಆ ಎಣಿಕೆ ಕಡಿಮೆ ಬಂದರೆ ದುಡ್ಡು ಹಾಕಿ, ಇಲ್ಲದಿದ್ದರೆ ಈಗಿರುವ ಹಾಗೇ ನಡೆಸಿ.