ಲಾಗಿನ್ ಸ್ವಲ್ಪ ನಿಧಾನ ಆದರೇ ಒಳ್ಳೇದು

ವೆಬ್‌ಸೈಟ್ ಬೇಗ ತೆರೆಯಲಿ ಅಂತ ಪ್ರೋಗ್ರಾಮರ್‌ಗಳು ಪಡುವ ಪಾಡು ಅಷ್ಟಿಷ್ಟಲ್ಲ. ಚಿತ್ರಗಳನ್ನು ಕುಗ್ಗಿಸುತ್ತಾರೆ, ಮತ್ತೆ ಮತ್ತೆ ಬೇಕಾಗುವುದನ್ನು ಕೈಗೆಟುಕುವಲ್ಲಿ ಇಡುವ ಕ್ಯಾಶ್ (cache) ಹಾಕುತ್ತಾರೆ, ಡೇಟಾಬೇಸಿಗೆ ಇಂಡೆಕ್ಸ್ ಸೇರಿಸುತ್ತಾರೆ. ಆದರೆ ಅದೇ ಸೈಟಿನ ಒಂದು ಮೂಲೆಯಲ್ಲಿ ಕೋಡ್ ಬೇಕಂತಲೇ ನಿಧಾನವಾಗಿರಬೇಕು. ಬಳಕೆದಾರರ ಪಾಸ್‌ವರ್ಡನ್ನು ಉಳಿಸಿಡುವ ಜಾಗ ಅದು.

ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡಬಾರದು ಅನ್ನೋದು ಹಳೇ ಪಾಠ. ಆದರೂ 2009ರಲ್ಲಿ ರಾಕ್‌ಯೂ ಎಂಬ ಕಂಪನಿಯ ಡೇಟಾಬೇಸಿಗೆ ಕನ್ನ ಬಿದ್ದಾಗ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಹಾಗೇ ಓದುವಂತೆ ಸಿಕ್ಕವು. ಪಾಸ್‌ವರ್ಡ್ ಮುರಿಯುವವರು ಇವತ್ತಿಗೂ ಮೊದಲು ಪ್ರಯೋಗಿಸುವುದು ಆ ಪಟ್ಟಿಯನ್ನೇ.

ಇದಕ್ಕೆ ಪರಿಹಾರ ಹ್ಯಾಶ್. ಪಾಸ್‌ವರ್ಡನ್ನು ಒಂದು ಗಣಿತದ ಸೂತ್ರಕ್ಕೆ ಹಾಕಿದರೆ ಅರ್ಥವಿಲ್ಲದ ಉದ್ದನೆಯ ಸಾಲೊಂದು ಹೊರಗೆ ಬರುತ್ತದೆ. ರುಬ್ಬಿದ ಹಿಟ್ಟಿನಿಂದ ಅಕ್ಕಿ ವಾಪಸ್ ಬರಲ್ಲ ಅಲ್ವಾ, ಹಾಗೆ ಆ ಸಾಲಿನಿಂದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ. ಲಾಗಿನ್ ಮಾಡುವಾಗ ಹೊಸದಾಗಿ ಹ್ಯಾಶ್ ಮಾಡಿ, ಹಳೆಯದರ ಜೊತೆ ತಾಳೆ ನೋಡಿದರಾಯಿತು.

ಇಷ್ಟೇ ಸಾಕು ಅಂದುಕೊಂಡವರು ಎಡವಿದ್ದಾರೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಸುಮಾರು 65 ಲಕ್ಷ ಪಾಸ್‌ವರ್ಡ್‌ಗಳಿಗೆಲ್ಲ ಹ್ಯಾಶ್ ಆಗಿತ್ತು. ಆದರೆ ಸಾಲ್ಟ್ ಇರಲಿಲ್ಲ. ಅಂದರೆ ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲರಿಗೂ ಒಂದೇ ಹ್ಯಾಶ್. ಒಬ್ಬರದು ಮುರಿದರೆ ಎಲ್ಲರದೂ ಮುರಿದಂತೆ. ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಗೊತ್ತುಗುರಿಯಿಲ್ಲದ ಅಕ್ಷರಗಳನ್ನು, ಅಂದರೆ ಸಾಲ್ಟನ್ನು, ಸೇರಿಸಿ ಹ್ಯಾಶ್ ಮಾಡಿದರೆ ಈ ಸೌಕರ್ಯ ಕಳ್ಳರಿಗೆ ಸಿಗುವುದಿಲ್ಲ. ಇದೇನೂ ಹೊಸ ಉಪಾಯವಲ್ಲ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಗ್ಗೆ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಬರೆದ ಪ್ರಬಂಧದಲ್ಲಿ ಸಾಲ್ಟ್ ಇದೆ. ಡಿಇಎಸ್ ಎಂಬ ಗೂಢಲಿಪಿ ಸೂತ್ರವನ್ನು 25 ಸಲ ಓಡಿಸಿ ಕೆಲಸವನ್ನು ನಿಧಾನ ಮಾಡುವ ಉಪಾಯವೂ ಇದೆ.

ನಿಧಾನ ಯಾಕೆ ಬೇಕು ಅನ್ನೋದಕ್ಕೆ ಲೆಕ್ಕ ಹಾಕಿಯೇ ನೋಡಬೇಕು. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ 8 ಅಕ್ಷರದ ಪಾಸ್‌ವರ್ಡ್ ಮಾಡಿದರೆ ಒಟ್ಟು ಸುಮಾರು 20,900 ಕೋಟಿ ಸಾಧ್ಯತೆಗಳು. ಆರ್‌ಟಿಎಕ್ಸ್ 4090 ಎಂಬ ಒಂದೇ ಒಂದು ಗೇಮಿಂಗ್ ಕಾರ್ಡ್ ಸೆಕೆಂಡಿಗೆ ಸುಮಾರು 16,400 ಕೋಟಿ ಸಲ ಎಂಡಿ5 ಎಂಬ ಹಳೇ ಸೂತ್ರದ ಹ್ಯಾಶ್ ಮಾಡುತ್ತದೆ. ಎರಡು ಸೆಕೆಂಡೂ ಬೇಡ, ಎಲ್ಲ ಸಾಧ್ಯತೆಗಳೂ ಮುಗಿದವು. ಎಂಡಿ5, ಶಾ-1, ಶಾ-256 ಎಲ್ಲವನ್ನೂ ಮಾಡಿದ್ದೇ ದೊಡ್ಡ ಫೈಲುಗಳನ್ನು ಬೇಗ ಪರಿಶೀಲಿಸಲಿ ಅಂತ. ಪಾಸ್‌ವರ್ಡ್ ವಿಷಯದಲ್ಲಿ ಆ ವೇಗವೇ ಕಳ್ಳನ ಬಂಡವಾಳ.

ಬಿಕ್ರಿಪ್ಟ್ ಎಂಬ ನಿಧಾನದ ಹ್ಯಾಶ್ ಸೂತ್ರ ಹುಟ್ಟಿದ್ದು ಇದಕ್ಕೇ. ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೆರೆಸ್ 1999ರಲ್ಲಿ ಇದನ್ನು ಮುಂದಿಟ್ಟರು. ಇದರಲ್ಲಿ ಕಾಸ್ಟ್ ಅಂತ ಒಂದು ಅಂಕಿ ಇರುತ್ತದೆ. ಅದನ್ನು ಒಂದು ಹೆಚ್ಚಿಸಿದರೆ ಕೆಲಸ ದುಪ್ಪಟ್ಟು. ಕಾಸ್ಟ್ 12 ಇಟ್ಟರೆ ಅದೇ ಕಾರ್ಡ್ ಸೆಕೆಂಡಿಗೆ ಹೆಚ್ಚುಕಡಿಮೆ 1,400 ಊಹೆ ಮಾಡಬಲ್ಲದು, ಅಷ್ಟೇ. ಎರಡು ಸೆಕೆಂಡಿನ ಕೆಲಸಕ್ಕೆ ಈಗ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಬೇಕು. ಅದೂ ಒಬ್ಬ ಬಳಕೆದಾರನಿಗೆ. ನಿಮ್ಮ ಸರ್ವರ್‌ಗೆ ಎಷ್ಟು ಸರಿ ಅಂತ ನೀವೇ ಅಳೆದು ನೋಡಿ. ಒಂದು ಲಾಗಿನ್‌ಗೆ ಕಾಲು ಸೆಕೆಂಡ್ ಹಿಡಿದರೆ ಯಾರೂ ಬೈಯಲ್ಲ. ಆದರೆ ಒಂದೇ ಕಡೆಯಿಂದ ಎಷ್ಟು ಸಲ ಪ್ರಯತ್ನಿಸಬಹುದು ಅನ್ನೋದಕ್ಕೆ ಮಿತಿ ಹಾಕಿ. ಇಲ್ಲದಿದ್ದರೆ ಸುಮ್ನೆ ಲಾಗಿನ್ ಒತ್ತಿ ಒತ್ತಿಯೇ ಯಾರೋ ನಿಮ್ಮ ಸರ್ವರ್ ಮಲಗಿಸುತ್ತಾರೆ.

ಬಿಕ್ರಿಪ್ಟ್‌ನಲ್ಲಿ ಒಂದು ಗುಂಡಿ ಇದೆ, ಕನ್ನಡದವರು ಅದರಲ್ಲಿ ಬೇಗ ಬೀಳುತ್ತಾರೆ. ಅದು ನೋಡುವುದು ಮೊದಲ 72 ಬೈಟ್ ಮಾತ್ರ. ಇಂಗ್ಲಿಷಿನಲ್ಲಿ ಅದು 72 ಅಕ್ಷರ. ಆದರೆ ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಲಕ್ಷ್ಮೀಶ’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಅದು ಒತ್ತು, ವಿರಾಮ (್), ದೀರ್ಘ ಎಲ್ಲ ಸೇರಿ 8 ಸಂಕೇತ, 24 ಬೈಟ್. ಇಂಥ ಮೂರು ಹೆಸರು ಬರೆದರೆ ಜಾಗ ಮುಗಿಯಿತು. ಅದರ ಮುಂದೆ ನೀವು ಏನೇ ಟೈಪ್ ಮಾಡಿದರೂ ಬಿಕ್ರಿಪ್ಟ್ ಮಾಡಿಕೊಡುವ ಕೆಲವು ಲೈಬ್ರರಿಗಳು (ಸಿದ್ಧ ಕೋಡಿನ ಕಟ್ಟುಗಳು) ಸದ್ದಿಲ್ಲದೆ ಕತ್ತರಿಸಿ ಎಸೆಯುತ್ತವೆ. ಕೆಲವು ಎರರ್ ತೋರಿಸುತ್ತವೆ, ಅದೇ ವಾಸಿ.

ಇದು ಬರೀ ತರ್ಕದ ಮಾತಲ್ಲ. 2024ರಲ್ಲಿ ಲಾಗಿನ್ ಸೇವೆ ಕೊಡುವ ಆಕ್ಟಾ ಕಂಪನಿಯೇ ಇಂಥದ್ದೊಂದು ದೋಷವನ್ನು ಒಪ್ಪಿಕೊಂಡಿತು. ಹಿಂದಿನ ಲಾಗಿನ್ ನೆನಪಿಟ್ಟುಕೊಳ್ಳುವ ಅವರ ಕ್ಯಾಶ್‌ನ ಕೀಲಿ ತಯಾರಾಗುತ್ತಿದ್ದದ್ದು ಬಳಕೆದಾರರ ಐಡಿ, ಹೆಸರು, ಪಾಸ್‌ವರ್ಡ್ ಮೂರನ್ನೂ ಜೋಡಿಸಿ ಬಿಕ್ರಿಪ್ಟ್‌ಗೆ ಕೊಟ್ಟು. ಹೆಸರು 52 ಅಕ್ಷರ ಅಥವಾ ಅದಕ್ಕಿಂತ ಉದ್ದ ಇದ್ದರೆ 72 ಬೈಟ್ ಅಲ್ಲೇ ತುಂಬಿಬಿಡುತ್ತಿತ್ತು. ಪಾಸ್‌ವರ್ಡಿಗೆ ಜಾಗವೇ ಇಲ್ಲ! ಕೆಲವು ಸಂದರ್ಭಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದಿತ್ತು.

ಕನ್ನಡದ್ದೇ ಇನ್ನೊಂದು ತಾಪತ್ರಯ. ‘ಕೊಡಗು’ ಪದದ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಹ್ಯಾಶ್ ಮಾತ್ರ ಬೇರೆ. ಫೋನಿನಲ್ಲಿ ಇಟ್ಟ ಪಾಸ್‌ವರ್ಡ್ ಬೇರೆ ಕೀಬೋರ್ಡಿನಲ್ಲಿ ‘ತಪ್ಪು’ ಅನ್ನಿಸಿಕೊಳ್ಳಲು ಇಷ್ಟು ಸಾಕು. ಹ್ಯಾಶ್ ಮಾಡುವ ಮೊದಲು ಎನ್‌ಎಫ್‌ಸಿ ಎಂಬ ಯುನಿಕೋಡಿನ ಒಂದೇ ಮಾದರಿ ರೂಪಕ್ಕೆ ತಂದರೆ ಈ ತೊಂದರೆ ತಪ್ಪುತ್ತದೆ. ಒಂದೇ ಸಾಲಿನ ಕೋಡ್.

ಹೊಸ ಪ್ರಾಜೆಕ್ಟ್ ಆದರೆ ನಾನಂತೂ ಆರ್ಗಾನ್2ಐಡಿ ಹಾಕಿ ಅನ್ನುತ್ತೇನೆ. ಪಾಸ್‌ವರ್ಡ್ ಹ್ಯಾಶಿಂಗ್‌ಗೆಂದೇ ನಡೆದ ಸ್ಪರ್ಧೆಯಲ್ಲಿ 2015ರಲ್ಲಿ ಗೆದ್ದ ಆರ್ಗಾನ್2ರ ರೂಪ ಅದು. 72 ಬೈಟಿನ ಗೋಳಿಲ್ಲ. ಜೊತೆಗೆ ಜಾಸ್ತಿ ಮೆಮೊರಿ ಕೇಳುತ್ತದೆ, ಹಾಗಾಗಿ ಗ್ರಾಫಿಕ್ಸ್ ಕಾರ್ಡಿನ ಸಾವಿರಾರು ಕೋರ್‌ಗಳಿಗೆ ಒಟ್ಟಿಗೆ ದಾಳಿ ಮಾಡುವುದು ಕಷ್ಟ.

ಹಳೇ ಸೈಟಿನಲ್ಲಿ ಎಂಡಿ5 ಕೂತಿದ್ದರೆ ಎಲ್ಲರೂ ಮತ್ತೆ ಲಾಗಿನ್ ಆಗಲಿ ಅಂತ ಕಾಯಬೇಡಿ. ಎಷ್ಟೋ ಜನ ಬರುವುದೇ ಇಲ್ಲ. ಇರುವ ಎಂಡಿ5 ಹ್ಯಾಶನ್ನೇ ಇವತ್ತು ರಾತ್ರಿ ಆರ್ಗಾನ್2ಐಡಿಗೆ ಹಾಕಿ ಮೇಲೊಂದು ಪದರ ಸುತ್ತಿ. ಬಂದವರ ಪಾಸ್‌ವರ್ಡಿಗೆ ಅವರು ಲಾಗಿನ್ ಆದಾಗ ಎಂಡಿ5 ಬಿಟ್ಟು ನೇರವಾಗಿ ಹೊಸ ಹ್ಯಾಶ್ ಮಾಡಿಕೊಳ್ಳಿ. ಆಮೇಲೆ ಹಳೇ ಬ್ಯಾಕಪ್‌ಗಳನ್ನು ಹುಡುಕಿ ಅಳಿಸಿ. ಹಳೆಯ ಎಂಡಿ5 ಕಾಲಂ ಅಲ್ಲಿ ಇನ್ನೂ ಹಾಗೇ ಕೂತಿರುತ್ತದೆ.