ಶುಗರ್ 126 ಮತ್ತು 7.0: ಒಂದೇ ರಕ್ತಕ್ಕೆ ಎರಡು ಲೆಕ್ಕ

ಖಾಲಿ ಹೊಟ್ಟೆಯ ಶುಗರ್ 126 ಎಂದು ಬೆಂಗಳೂರಿನ ಲ್ಯಾಬ್ ಬರೆದರೆ, ಅದೇ ರಕ್ತಕ್ಕೆ ಲಂಡನ್ನಿನ ಲ್ಯಾಬ್ 7.0 ಎಂದು ಬರೆಯುತ್ತದೆ. ಮಧುಮೇಹದ ಗಡಿ ಎರಡು ಕಡೆಯೂ ಅದೇ. ಇಲ್ಲಿನವರು ತೂಗುತ್ತಾರೆ, ಅಲ್ಲಿನವರು ಅಣುಗಳನ್ನು ಎಣಿಸುತ್ತಾರೆ, ಅಷ್ಟೇ.

ತೂಗುವ ಪದ್ಧತಿ ಹಳೆಯದು. 100 ಮಿಲಿಲೀಟರಿನಲ್ಲಿ, ಅಂದರೆ ಒಂದು ಡೆಸಿಲೀಟರಿನಲ್ಲಿ, ಎಷ್ಟು ಮಿಲಿಗ್ರಾಂ ಇದೆ ಎಂಬ ಲೆಕ್ಕ. ಹಳೆಯ ವೈದ್ಯರ ಬಾಯಲ್ಲಿ ಈಗಲೂ ಅದು ‘ಮಿಲಿಗ್ರಾಂ ಪರ್ಸೆಂಟ್’. ಆದರೆ ದೇಹದೊಳಗಿನ ಕೆಲಸ ನಡೆಯುವುದು ಅಣುಗಳ ಲೆಕ್ಕದಲ್ಲಿ. ಹಿಮೋಗ್ಲೋಬಿನ್ನಿನ ಒಂದು ಅಣು ಆಮ್ಲಜನಕದ ನಾಲ್ಕು ಅಣುಗಳನ್ನು ಹಿಡಿಯುತ್ತದೆ. ಗ್ರಾಂಗಳಲ್ಲಿ ಬರೆದರೆ ಈ ನಂಟು ಕಾಣುವುದೇ ಇಲ್ಲ. ಅಣುಗಳ ಎಣಿಕೆಯ ಮಾನವಾದ ‘ಮೋಲ್’ 1971ರಲ್ಲಿ ಅಂತರರಾಷ್ಟ್ರೀಯ ಮಾನ ಪದ್ಧತಿಯನ್ನು ಸೇರಿತು. ವೈದ್ಯಕೀಯದಲ್ಲೂ ಆ ಪದ್ಧತಿಯನ್ನೇ ಬಳಸಿ ಎಂದು ವಿಶ್ವ ಆರೋಗ್ಯ ಸಭೆ 1977ರಲ್ಲಿ ಶಿಫಾರಸು ಮಾಡಿತು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಬದಲಾದವು. ಅಮೆರಿಕದ ವೈದ್ಯರು ಒಪ್ಪಲಿಲ್ಲ. ಹೊಸ ಮಾನಕ್ಕೆ ಹೊರಳಿದ್ದ ಅಲ್ಲಿನ ವೈದ್ಯಕೀಯ ಪತ್ರಿಕೆ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 1992ರಲ್ಲಿ ಹಳೆಯದಕ್ಕೇ ಮರಳಿತು. ಜರ್ಮನಿಯಲ್ಲಂತೂ ಬರ್ಲಿನ್ ಗೋಡೆ ಬಿದ್ದರೂ ಲೆಕ್ಕ ಒಂದಾಗಲಿಲ್ಲ: ಪೂರ್ವದಲ್ಲಿ ಮೋಲಿನ ಸಾವಿರದ ಒಂದಂಶವಾದ ಮಿಲಿಮೋಲ್, ಪಶ್ಚಿಮದಲ್ಲಿ ಹೆಚ್ಚಾಗಿ ಮಿಲಿಗ್ರಾಂ. ಭಾರತದ ಲ್ಯಾಬ್‌ಗಳು ಮಿಲಿಗ್ರಾಂ ಬಿಡಲೇ ಇಲ್ಲ.

ಶುಗರ್‌ಗೆ 18ರಿಂದ ಭಾಗಿಸಿ, ಮಿಲಿಗ್ರಾಂ ಅಂಕಿಯನ್ನು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬದಲಿಸುವುದು ಹಲವರಿಗೆ ಗೊತ್ತು. ಗ್ಲೂಕೋಸಿನ ಅಣುತೂಕ 180, ಲೀಟರಿಗೆ ಹತ್ತು ಡೆಸಿಲೀಟರ್, ಹಾಗಾಗಿ 18. ಇದು ಗ್ಲೂಕೋಸಿಗೆ ಮಾತ್ರ. ಕೊಲೆಸ್ಟ್ರಾಲಿಗೆ 38.67, ಟ್ರೈಗ್ಲಿಸರೈಡಿಗೆ 88.5. ಎರಡೂ ಒಂದೇ ಲಿಪಿಡ್ (ರಕ್ತದ ಕೊಬ್ಬಿನ) ರಿಪೋರ್ಟಿನಲ್ಲಿ ಮೇಲೆ ಕೆಳಗೆ ಇರುವುದರಿಂದ ಒಂದರ ಭಾಜಕವನ್ನು ಇನ್ನೊಂದಕ್ಕೆ ಹಾಕಿಬಿಡುವುದು ಸುಲಭ. ಟ್ರೈಗ್ಲಿಸರೈಡ್ 150 ಅಂದರೆ 1.7, 38.67ರಿಂದ ಭಾಗಿಸಿದರೆ 3.9 ಬಂದು ಸುಮ್ಮನೆ ಗಾಬರಿ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್‌ಗೆ ಭಾಗಿಸಬಾರದು, 88.4ರಿಂದ ಗುಣಿಸಬೇಕು: ಇಲ್ಲಿನ 1.0 ಅಲ್ಲಿ 88 ಮೈಕ್ರೋಮೋಲ್.

ನಿಜವಾದ ಬಲೆ ಇರುವುದು ಕಿಡ್ನಿಯ ಇನ್ನೊಂದು ಪರೀಕ್ಷೆಯಾದ ಯೂರಿಯಾದಲ್ಲಿ. ನಮ್ಮ ಲ್ಯಾಬ್‌ಗಳು ಸಾಮಾನ್ಯವಾಗಿ ಇಡೀ ಯೂರಿಯಾವನ್ನು ತೂಗುತ್ತವೆ. ಅಮೆರಿಕದವರು ಅದರೊಳಗಿನ ಸಾರಜನಕವನ್ನಷ್ಟೇ ಲೆಕ್ಕ ಹಿಡಿದು ‘ಬಿಯುಎನ್’ ಎನ್ನುತ್ತಾರೆ. ಎರಡರ ಮಾನವೂ ಮಿಲಿಗ್ರಾಂ, ಆದರೆ ಯೂರಿಯಾ ಬಿಯುಎನ್‌ನ 2.14 ಪಟ್ಟು. ಬ್ಲಡ್ ಯೂರಿಯಾ 40 ಇದ್ದರೆ 0.1665ರಿಂದ ಗುಣಿಸಿ 6.7 ಮಿಲಿಮೋಲ್. ಅದನ್ನೇ ಬಿಯುಎನ್ ಎಂದುಕೊಂಡು 0.357ರಿಂದ ಗುಣಿಸಿದರೆ 14.3 ಬರುತ್ತದೆ, ಸರಿಯಾಗಿರುವ ಕಿಡ್ನಿಯೂ ಕಾಗದದ ಮೇಲೆ ಕೆಟ್ಟಂತೆ ಕಾಣುತ್ತದೆ. ಅಂಕಿಗಿಂತ ಮೊದಲು ಪರೀಕ್ಷೆಯ ಹೆಸರನ್ನು ಪೂರ್ತಿ ಓದಬೇಕು.

ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿಯ ಕಥೆ ಬೇರೆ. ಹೊಸ ಅಂತರರಾಷ್ಟ್ರೀಯ ವಿಧಾನ ಹೆಚ್ಚು ನಿಖರವಾಗಿ ಅಳೆದಾಗ ಶೇಕಡಾ ಅಂಕಿ ಹಳೆಯದಕ್ಕಿಂತ ಕಡಿಮೆ ಬಂತು. ಅದನ್ನೂ ಶೇಕಡದಲ್ಲೇ ಕೊಟ್ಟರೆ ಕಾಯಿಲೆ ಹತೋಟಿಗೆ ಬಂತೆಂದು ರೋಗಿಗಳು ತಪ್ಪು ತಿಳಿಯಬಹುದೆಂದು ‘ಮೋಲಿಗೆ ಇಷ್ಟು ಮಿಲಿಮೋಲ್’ ಎಂಬ ರೂಪ ಕೊಟ್ಟರು. ಬ್ರಿಟನ್ 2011ರಲ್ಲಿ ಪೂರ್ತಿ ಅದಕ್ಕೆ ಬದಲಾಯಿತು. ಇಲ್ಲಿ ಗುಣಿಸಿದರಷ್ಟೇ ಸಾಲದು: ಶೇಕಡದಿಂದ 2.15 ಕಳೆದು 10.93ರಿಂದ ಗುಣಿಸಬೇಕು. ಬಾಯಿಲೆಕ್ಕದ ಉಪಾಯವೂ ಒಂದಿದೆ. 7ರಿಂದ 2 ಕಳೆದರೆ 5, ಅದರಿಂದ ಮತ್ತೆ 2 ಕಳೆದರೆ 3, ಉತ್ತರ 53. ಹಾಗೆಯೇ 8ಕ್ಕೆ 64. ಆದರೆ ‘ಎ1ಸಿ 1 ಇಳಿಯಿತು’ ಎಂಬ ವ್ಯತ್ಯಾಸವನ್ನು ಬದಲಿಸುವಾಗ 2.15 ಕಳೆಯಬಾರದು, ಅದು ಬರೀ 11.

ದಶಮಾಂಶ ಬಿಂದು ಕಣ್ತಪ್ಪಿದರೂ ಅಪಾಯವೇ. ಗ್ಲೂಕೋಮೀಟರಿನ ಪರದೆಯ ಮೇಲಿನ 5.4 (ನಮ್ಮ 97) ಯಾರಿಗಾದರೂ 54 ಎಂದು ಕಂಡರೆ, ಶುಗರ್ ಕುಸಿದಿದೆ ಎಂದು ಸಕ್ಕರೆ ತಿನ್ನಿಸುತ್ತಾರೆ. ಮಕ್ಕಳು ವಿದೇಶದಿಂದ ಮೀಟರ್ ಕಳಿಸಿದ್ದರೆ ಮೊದಲು ಪರದೆಯ ಮೂಲೆಯಲ್ಲಿರುವ ಮಾನವನ್ನು ನೋಡಿ.

ಕೆಲವಕ್ಕೆ ಲೆಕ್ಕದ ಗೋಜೇ ಇಲ್ಲ. ಸೋಡಿಯಂ, ಪೊಟ್ಯಾಸಿಯಂ ಕಣಗಳ ವಿದ್ಯುದಂಶ ತಲಾ 1 ಆದ್ದರಿಂದ, ವಿದ್ಯುದಂಶವನ್ನು ಎಣಿಸುವ ಮಿಲಿಈಕ್ವಿವಲೆಂಟ್ ಅಂದರೂ ಮಿಲಿಮೋಲ್ ಅಂದರೂ ಅಂಕಿ ಒಂದೇ. ಇನ್ನೊಂದು ತುದಿಯಲ್ಲಿ ಹೃದ್ರೋಗಿಗಳಿಗೆ ಮಾಡಿಸುವ, ಕೊಬ್ಬು ಹೊರುವ ಕಣವಾದ ಲೈಪೋಪ್ರೋಟೀನ್-ಎ ಪರೀಕ್ಷೆ ಇದೆ: ಅದರ ಕಣದ ಗಾತ್ರ ಮನುಷ್ಯರಿಂದ ಮನುಷ್ಯರಿಗೆ ಬದಲಾಗುವುದರಿಂದ ಮಿಲಿಗ್ರಾಮನ್ನು ನ್ಯಾನೋಮೋಲಿಗೆ ತಿರುಗಿಸುವ ನಂಬಲರ್ಹ ಸಂಖ್ಯೆಯೇ ಇಲ್ಲ. ಎರಡು ಲ್ಯಾಬ್‌ಗಳ ರಿಪೋರ್ಟ್ ಎರಡು ಮಾನದಲ್ಲಿದ್ದರೆ, ಹಳೆಯ ಮಾನದಲ್ಲೇ ಇನ್ನೊಮ್ಮೆ ಮಾಡಿಸದೆ ದಾರಿಯಿಲ್ಲ.